ಹರಳೆಣ್ಣೆಯ ಜಾಡಿ

ರಬ್ಬರ್ ಕಪ್ಪಿನ ವ್ಯಾಸ 24.62 ಮಿಲಿಮೀಟರ್ ಇತ್ತು. ಹದಿನೇಳು ದಿನಗಳ ಹಿಂದೆ ನಾನೇ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಅಂಕಿ 22.30. ಕ್ಯಾಲಿಪರಿನ ದವಡೆಗಳನ್ನು ಒರೆಸಿದೆ, ಶೂನ್ಯ ಸರಿಯಾಗಿದೆಯೇ ನೋಡಿದೆ, ಕಪ್ಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದೆ. 24.60.

ಅಳೆಯಬೇಕೆಂದು ಕೂತವಳೂ ಅಲ್ಲ ನಾನು. ಎಲ್ಲರನ್ನೂ ಕಳಿಸಿ ಶೆಡ್ಡಿನ ಮೇಜು ಚೊಕ್ಕಟ ಮಾಡುತ್ತಿದ್ದೆ. ಉಳಿದಿದ್ದ ಒಂದೇ ಒಂದು ಕಪ್ಪನ್ನು ಗಾಜಿನ ಬಟ್ಟಲಿನಿಂದ ತೆಗೆದು, ಒರೆಸಿ, ಅದರ ಅಳತೆಗೆ ಸರಿಯಾಗಿದ್ದ ಪುಟ್ಟ ಡಬ್ಬಿಯಲ್ಲಿ ಇಡಲು ಹೋದರೆ ಒಳಗೆ ಹೋಗಲಿಲ್ಲ. ಒತ್ತಿದೆ. ಆಗಲೂ ಹೋಗಲಿಲ್ಲ. ಅದು ಉಬ್ಬಿತ್ತು.

ಗೋಡೆ ಗಡಿಯಾರದಲ್ಲಿ ಏಳು ಮೂವತ್ತೆಂಟು. ಅಣ್ಣ ಟ್ರಕ್ಕು ಹೊರಡಿಸಿದ್ದು ಏಳು ಹತ್ತಕ್ಕೆ. ಅದರೊಳಗೆ ಅಣ್ಣ, ಅತ್ತಿಗೆ, ಅಮ್ಮ, ಅಣ್ಣನ ಇಬ್ಬರು ಹೆಣ್ಣುಮಕ್ಕಳು. ಆರನೆಯ ಸೀಟು ನನ್ನದು. ಹನ್ನೊಂದಕ್ಕೆ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಬೇಕಾಗಿದ್ದರಿಂದ ನಾನು ಹೋಗಿರಲಿಲ್ಲ. ಕೆಳಗಿನ ಊರಿನಲ್ಲಿ ಹಳೆಯ ಗಾಡಿಗಳ ಪ್ರದರ್ಶನವಿತ್ತು. ಅಲ್ಲಿಗೆ ಹೋಗಲು ಮೊದಲು ಹದಿನಾಲ್ಕು ಕಿಲೋಮೀಟರ್ ಗುಡ್ಡ ಹತ್ತಬೇಕು, ಆಮೇಲೆ ಹನ್ನೊಂದು ಕಿಲೋಮೀಟರ್ ಇಳಿಯಬೇಕು. ಇಳಿಯುವ ದಾರಿಯಲ್ಲಿ ಇಪ್ಪತ್ತಮೂರು ತಿರುವು, ಎಡಕ್ಕೆ ಬಂಡೆ, ಬಲಕ್ಕೆ ಮೊಣಕಾಲೆತ್ತರದ ತಡೆಗೋಡೆ, ಅದರಾಚೆ ಏನೂ ಇಲ್ಲ.

ಮೇಜಿನ ಮೇಲಿದ್ದ ಕಪ್ಪಿನ ಜೊತೆಯವೆಲ್ಲ ಆ ಟ್ರಕ್ಕಿನ ಬ್ರೇಕಿನೊಳಗೆ, ಬ್ರೇಕ್ ಆಯಿಲ್ ಸೋರದಂತೆ ತಡೆಯುವ ಜಾಗದಲ್ಲಿ ಇದ್ದವು.

ಟ್ರಕ್ಕು ಅಪ್ಪ ಓಡಿಸುತ್ತಿದ್ದದ್ದು. ರಸ್ತೆ ಕೆಲಸದ ತಂಡವನ್ನು ಕೂರಿಸಿಕೊಂಡು ಹೋಗಲೆಂದು ಮಾಡಿದ ನಾಲ್ಕು ಬಾಗಿಲಿನ ಪಿಕಪ್. ಮುಂದೆ ಮೂವರು, ಹಿಂದೆ ಮೂವರು, ಅದರ ಹಿಂದೆ ಗುದ್ದಲಿ ಪಿಕಾಸಿಗೆ ತೆರೆದ ತೊಟ್ಟಿ. ರಸ್ತೆಯಲ್ಲಿ ನೀರು ಕಂಡಲ್ಲೆಲ್ಲ ನಿಂತುಬಿಡುತ್ತದೆ ಎಂದು ತಂಡದವರು ಅದಕ್ಕೆ 'ಎಮ್ಮೆ' ಎಂದು ಹೆಸರಿಟ್ಟಿದ್ದರು. ಅಪ್ಪ ಹೋದ ಮೇಲೆ ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಎರಡು ವರ್ಷದ ಹಿಂದೆ ಅಣ್ಣ, "ಎಮ್ಮೆನ ಎಬ್ಬಿಸೋಣ ಕಣೇ" ಅಂದ. ತಗಡು, ಬಣ್ಣ, ಎಂಜಿನ್ನು ಅವನ ಪಾಲು. ಸಾಮಾನು ಹುಡುಕುವುದು ಮತ್ತು ಬ್ರೇಕು ನನ್ನ ಪಾಲು.

ಎರಡು ಬಾಗಿಲಿನ ಪಿಕಪ್ಪಿಗೆ ಸಾಮಾನು ಎಲ್ಲಾದರೂ ಸಿಗುತ್ತದೆ. ನಾಲ್ಕು ಬಾಗಿಲಿನದಕ್ಕೆ ಸಿಗುವುದಿಲ್ಲ. ಅಂಥವು ತಯಾರಾದದ್ದೇ ಕಡಿಮೆ, ತಯಾರಾದವು ಕೆಲಸದಲ್ಲೇ ಸವೆದು ಗುಜರಿಗೆ ಹೋದವು. ಹಿಂದಿನ ಬಾಗಿಲಿನ ಕಿಟಕಿ ರಬ್ಬರಿಗೆ ಎಂಟು ತಿಂಗಳು ಅಲೆದೆ. ಗಾಡಿ ಉದ್ದವಾದ್ದರಿಂದ ಹ್ಯಾಂಡ್‌ಬ್ರೇಕಿನ ಕೇಬಲ್ಲೂ ಉದ್ದ. ಅದಂತೂ ಯಾರ ಅಂಗಡಿಯಲ್ಲೂ ಇರಲಿಲ್ಲ. "ಬಿಡೇ ಅದನ್ನ, ಅಪ್ಪ ಚಕ್ರದ ಕೆಳಗೆ ಕಲ್ಲಿಡ್ತಿದ್ರು, ನಾವೂ ಇಡೋಣ" ಅಂದಿದ್ದ ಅಣ್ಣ. ನಾನು ಬಿಡಲಿಲ್ಲ. ಚಾಸಿಯ ಕೆಳಗೆ ಅಂಗಾತ ಮಲಗಿ, ದಾರ ಎಳೆದು ಉದ್ದ ಗುರುತು ಮಾಡಿಕೊಂಡು ಗುಜರಿಯ ಬೋಲ್ಟಜ್ಜನ ಹತ್ತಿರ ಹೋದೆ. ಅವನು ಯಾವುದೋ ಮಿನಿ ಬಸ್ಸಿನ ಕೇಬಲ್ ಕತ್ತರಿಸಿ, ತುದಿಗೆ ಹೊಸ ಗುಂಡು ಕೂರಿಸಿ, ನನ್ನ ದಾರಕ್ಕೆ ಸರಿಸಮ ಮಾಡಿಕೊಟ್ಟ.

ಬೋಲ್ಟಜ್ಜನ ಗುಜರಿ ಅಂಗಳ ಕೆಳಗಿನ ಊರಿಗೆ ಹೋಗುವ ಈ ರಸ್ತೆಯಲ್ಲೇ, ಗುಡ್ಡದ ನೆತ್ತಿಯಲ್ಲಿದೆ. ಇಳಿಜಾರು ಶುರುವಾಗುವುದು ಅಲ್ಲಿಂದಲೇ. ಸಾಮಾನಿಗೆ ಬಂದವರನ್ನೆಲ್ಲ ಅವನು ಗಿರಾಕಿ ಅಂದುಕೊಳ್ಳುವುದಿಲ್ಲ; ಎರಡು ಪ್ರಶ್ನೆ ಕೇಳಿ, ಉತ್ತರ ಹಿಡಿಸಿದರೆ ಮಾತ್ರ ಒಳಗೆ ಬಿಡುತ್ತಾನೆ. ನನ್ನನ್ನು 'ಅಳತೆಯಮ್ಮ' ಎಂದು ಕರೆಯುತ್ತಾನೆ. ಬ್ರೇಕಿನ ರಬ್ಬರ್ ಕಪ್ಪುಗಳ ಕಿಟ್ಟು ಕೊಟ್ಟವನೂ ಅವನೇ. ಎಷ್ಟೋ ವರ್ಷದ ಹಳೆಯ ದಾಸ್ತಾನು, ಆದರೆ ಒಂದೂ ಬಿರುಕು ಬಿಟ್ಟಿರಲಿಲ್ಲ. ಅಗಲ ಬಾಯಿಯ ಜಾಡಿಯಲ್ಲಿ ಹರಳೆಣ್ಣೆ ತುಂಬಿ ಅದರಲ್ಲಿ ಮುಳುಗಿಸಿ ಇಟ್ಟಿದ್ದ.

"ಇದರಲ್ಲೇ ಇಟ್ಕೋ. ಜೋಡಿಸೋ ದಿನ ತೆಗಿ. ಬೇರೆ ಏನೂ ಸೋಕಿಸಬೇಡ" ಅಂದಿದ್ದ.

ಅಂಟಂಟಾದ, ವಾಸನೆ ಹೊಡೆಯುವ ಎಣ್ಣೆ. ಮುದುಕರ ನಂಬಿಕೆ ಅಂದುಕೊಂಡೆ. ಮನೆಗೆ ತಂದು ಎಲ್ಲ ಕಪ್ಪುಗಳನ್ನೂ ಸೋಪಿನ ನೀರಿನಲ್ಲಿ ತೊಳೆದು, ಲ್ಯಾಬಿನಲ್ಲಿ ತಕ್ಕಡಿ ಮತ್ತು ಪಂಪುಗಳಿಗೆ ಹಾಕುವ ನೀರಿನಂಥ ತಿಳಿ ಎಣ್ಣೆಯಲ್ಲಿ ಅದ್ದಿಟ್ಟೆ. ಒಳಗೆ ತುಕ್ಕು ಹಿಡಿಯದಿರಲಿ ಎಂದು ಬ್ರೇಕಿನ ಪೈಪುಗಳಲ್ಲೂ ಅದನ್ನೇ ಹರಿಸಿದೆ. ವಾರದ ನಂತರ ಅಜ್ಜ ಫೋನು ಮಾಡಿ, "ಹರಳೆಣ್ಣೇಲೇ ಇಟ್ಟಿದ್ದೀಯ ತಾನೆ?" ಎಂದು ಕೇಳಿದಾಗ, ಸುಮ್ಮನೆ ಯಾಕೆ ವಾದ ಎಂದು, "ಹೂಂ ಅಜ್ಜ" ಅಂದೆ.

ಲ್ಯಾಬಿನ ತಿಳಿ ಎಣ್ಣೆ ಪೆಟ್ರೋಲಿಯಮ್ಮಿನಿಂದ ಬರುವಂಥದ್ದು. ಅದರ ಅಣುಗಳೂ ರಬ್ಬರಿನ ಅಣುಗಳೂ ಒಂದೇ ಜಾತಿಯವು. ರಬ್ಬರು ಅದನ್ನು ದಿನಗಟ್ಟಲೆ ಕುಡಿದು ನಿಧಾನವಾಗಿ ಊದಿಕೊಳ್ಳುತ್ತದೆ; ಜೋಡಿಸಿದ ದಿನ ಅದಿನ್ನೂ ಕೈಗೆ ತಿಳಿಯುವಷ್ಟಿರಲಿಲ್ಲ. ಹರಳೆಣ್ಣೆಯನ್ನು ಹೀಗೆ ಕುಡಿಯುವುದಿಲ್ಲ. ಇದನ್ನು ಪ್ರತಿವರ್ಷ ಹುಡುಗರಿಗೆ ಪಾಠ ಹೇಳುವವಳು ನಾನು. ಹಲಗೆಯ ಮೇಲೆ ಬರೆಯುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ. ಶೆಡ್ಡಿನಲ್ಲಿ ಅದು ನೆನಪಿಗೇ ಬರಲಿಲ್ಲ.

ಹಳೆಯ ಗಾಡಿಗೆ ಒಂದೇ ದಾರಿಯ ಬ್ರೇಕು ಸಾಲದು, ಮುಂದಿನ ಚಕ್ರಗಳಿಗೊಂದು ಹಿಂದಿನವಕ್ಕೊಂದು ಬೇರೆ ಬೇರೆ ದಾರಿ ಇರಬೇಕು, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ ಎಂದು ಅಣ್ಣನ ಜೊತೆ ಜಗಳವಾಡಿ, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರನ್ನು ಹೊಸ ತರಹದ್ದು ಹಾಕಿಸಿದವಳೂ ನಾನೇ. ಎರಡೂ ದಾರಿಯ ಕಪ್ಪುಗಳನ್ನು ಒಂದೇ ಬಟ್ಟಲಿನಲ್ಲಿ ಅದ್ದಿದ್ದೆ.

ಅಣ್ಣನಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಅತ್ತಿಗೆಗೆ ಮಾಡಿದೆ. ಅದೇ ಹೆಂಗಸಿನ ಅದೇ ದನಿ. ಗುಡ್ಡದ ನೆತ್ತಿಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಆದರೆ ಬೋಲ್ಟಜ್ಜನ ತಗಡಿನ ಕೋಣೆಯಲ್ಲಿ ತಂತಿಯ ಫೋನಿದೆ. ಅದು ಹೊಡೆದುಕೊಂಡಿತು, ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಐದನೆಯ ಸಲಕ್ಕೆ ಬಿಟ್ಟು ಸ್ಕೂಟರಿನ ಕೀಲಿ ತೆಗೆದುಕೊಂಡೆ. ಉಬ್ಬಿದ ಕಪ್ಪನ್ನು ಯಾಕೆ ಜೇಬಿಗೆ ಹಾಕಿಕೊಂಡೆನೋ ಗೊತ್ತಿಲ್ಲ.

ರಸ್ತೆಯುದ್ದಕ್ಕೂ ಆ ಸಿಲಿಂಡರಿನ ಒಳಗು ಕಣ್ಣಿಗೆ ಕಟ್ಟುತ್ತಿತ್ತು. ಪೆಡಲಿನಿಂದ ಕಾಲು ತೆಗೆದಾಗ ಬ್ರೇಕ್ ಆಯಿಲ್ ಹಿಂದಕ್ಕೆ ಹರಿಯಲು ಸೂಜಿಮೊನೆಯಷ್ಟು ಸಣ್ಣ ರಂಧ್ರವಿದೆ. ಕಪ್ಪು ಉಬ್ಬಿದರೆ ಅದರ ಅಂಚು ರಂಧ್ರವನ್ನು ಮುಚ್ಚುತ್ತದೆ. ಆಗ ಕಾಲು ತೆಗೆದರೂ ಬ್ರೇಕು ಹಿಡಿದೇ ಇರುತ್ತದೆ. ಗಾಡಿ ಎಳೆಯುವುದಿಲ್ಲ, ಓಡಿಸುವವನಿಗೆ ಎಂಜಿನ್ನು ಸುಸ್ತಾಯಿತು ಅನ್ನಿಸುತ್ತದೆ. ಚಕ್ರದ ಡ್ರಮ್ಮು ಕಾಯುತ್ತದೆ, ಕಾದು ಕಾದು ಬ್ರೇಕ್ ಆಯಿಲ್ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಆವಿ ಕುಗ್ಗುತ್ತದೆ, ಕಾಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಇದಕ್ಕಿಂತ ಹೆದರಿಕೆ ಹುಟ್ಟಿಸಿದ ಸಂಗತಿ ಬೇರೆ. ನಡುವೆ ಅರ್ಧ ಗಂಟೆ ನಿಲ್ಲಿಸಿದರೆ ಎಲ್ಲ ತಣ್ಣಗಾಗುತ್ತದೆ. ಆವಿ ಮತ್ತೆ ದ್ರವವಾಗುತ್ತದೆ. ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿರುತ್ತದೆ. ಎಲ್ಲ ಸರಿಹೋಯಿತು ಅಂದುಕೊಂಡು ಇಳಿಯಲು ಶುರುಮಾಡುತ್ತಾರೆ.

ಹತ್ತುವ ದಾರಿಯ ಕೊನೆಯ ಎರಡು ಕಿಲೋಮೀಟರಿನಲ್ಲಿ ನನಗೆ ವಾಸನೆ ಬಂತು. ಸುಟ್ಟ ಬ್ರೇಕಿನ ವಾಸನೆ, ಕೂದಲು ಸುಟ್ಟ ಹಾಗೆ. ಯಾವುದೋ ಲಾರಿಯದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮುಂದೆ ಲಾರಿ ಇರಲಿಲ್ಲ.

ಎಂಟು ಗಂಟೆ ಆರು ನಿಮಿಷಕ್ಕೆ ಬೋಲ್ಟಜ್ಜನ ಅಂಗಳ ತಲುಪಿದೆ. ಟ್ರಕ್ಕು ಇರಲಿಲ್ಲ. ಅಜ್ಜ ಸ್ಟೂಲಿನ ಮೇಲೆ ಕೂತು ಕಾರ್ಬೊರೇಟರ್ ಒಂದನ್ನು ಬಿಚ್ಚುತ್ತಿದ್ದ.

"ಬಂದೆಯಾ ಅಳತೆಯಮ್ಮ? ನಿಮ್ಮ ಸವಾರಿ ಈಗಷ್ಟೇ ಹೋಯ್ತು. ಇಪ್ಪತ್ತು ನಿಮಿಷ ಇಲ್ಲೇ ಇದ್ರು. ನಿಮ್ಮಮ್ಮ ನಂಗೆ ಬ್ರೇಕಿನ ಬಗ್ಗೆ ಪಾಠ ಹೇಳಿ ಹೋದ್ರು, ನಾನು ಸುಮ್ನೆ ಕೇಳಿಸ್ಕೊಂಡೆ."

"ಎಷ್ಟು ಹೊತ್ತಾಯ್ತು ಅಜ್ಜ?"

"ಏಳೆಂಟು ನಿಮಿಷ. ಯಾಕೆ?"

"ಫೋನು ಯಾಕೆ ಎತ್ತಲಿಲ್ಲ?"

"ಬಡ್ಕೊಂತಾನೇ ಇತ್ತು. ನಿಮ್ಮಮ್ಮನ ಮಾತು ಮುಗೀಬೇಕಲ್ಲ." ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ. "ಮುಂದಿನ ಚಕ್ರ ಕಾದು ವಾಸನೆ ಬರ್ತಿತ್ತು. ತಣ್ಣಗಾಗ್ಲಿ ಅಂತ ನಾನೇ ನಿಲ್ಲಿಸ್ದೆ. ಆಮೇಲೆ ಪೆಡಲ್ ಒತ್ತಿ ನೋಡ್ದೆ, ಕಲ್ಲಿನ ಹಾಗಿತ್ತು. ಬೇರೆ ಯಾರದ್ದಾದ್ರೂ ಆಗಿದ್ರೆ ಚಕ್ರ ಬಿಚ್ಚಿಸ್ತಿದ್ದೆ. ಅಳತೆಯಮ್ಮ ಮಾಡಿರೋ ಕೆಲಸ, ಹೊಸ ಬ್ರೇಕ್ ಶೂ ಹೊಂದ್ಕೊಳ್ತಿರಬೇಕು, ಹೋಗಿ ಬನ್ನಿ ಅಂದೆ."

ನಾನು ಜೇಬಿನಿಂದ ಕಪ್ಪು ತೆಗೆದು ಅವನ ಅಂಗೈ ಮೇಲೆ ಇಟ್ಟೆ. ಅವನು ಅದನ್ನು ಹಿಚುಕಿದ. ಮೂಗಿನ ಹತ್ತಿರ ಹಿಡಿದ.

"ಇದು ಹರಳೆಣ್ಣೆ ಅಲ್ಲ."

"ಅಲ್ಲ ಅಜ್ಜ. ಲ್ಯಾಬಿನ ಎಣ್ಣೆ. ನಿಮಗೆ ಸುಳ್ಳು ಹೇಳಿದ್ದೆ."

ಬೈಯುತ್ತಾನೆಂದು ಕಾದೆ. ಅವನು ಕಾರ್ಬೊರೇಟರನ್ನು ನೆಲಕ್ಕಿಟ್ಟು, ಗೋಡೆಯಿಂದ ಒಂದು ಸ್ಪ್ಯಾನರ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತ.

"ಹೊರಡು. ಜೋರಾಗಿ ಹೋಗ್ಬೇಡ, ನಾವೂ ಬಿದ್ರೆ ಅವರನ್ನ ಎತ್ತೋರು ಯಾರು?"

ಮೊದಲನೆಯ ತಿರುವು. ಎರಡನೆಯದು. ಪ್ರತಿ ತಿರುವಿನಲ್ಲೂ ನಾನು ಮೊದಲು ನೋಡುತ್ತಿದ್ದದ್ದು ಬಲಗಡೆಯ ತಡೆಗೋಡೆಯನ್ನು. ಗೋಡೆ ಎಲ್ಲೂ ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಉಸಿರು. ಆರನೆಯ ತಿರುವಿನಲ್ಲಿ ಗೋಡೆಯ ಒಂದು ಕಲ್ಲು ಇರಲಿಲ್ಲ. ನನ್ನ ಕೈ ತಾನಾಗಿಯೇ ಬ್ರೇಕು ಹಿಡಿಯಿತು.

"ಅದು ಹಳೇದು," ಅಂದ ಅಜ್ಜ ಬೆನ್ನ ಹಿಂದಿನಿಂದ. "ಪಾಚಿ ಕಟ್ಟಿದೆ ನೋಡು. ನಡಿ."

ಏಳು. ಎಂಟು. ಅಣ್ಣನ ಚಿಕ್ಕ ಮಗಳು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ತಿರುಗಿ ಕೂತು ನನಗೆ ಕೈಬೀಸಿದ್ದಳು. "ನೆಟ್ಟಗೆ ಕೂತ್ಕೋ, ಬೆಲ್ಟು ಹಾಕ್ಕೋ" ಎಂದು ಕೂಗಿದ್ದೆ. ಹಾಕಿಕೊಂಡಳೋ ಇಲ್ಲವೋ ನೋಡಿರಲಿಲ್ಲ. ಆರೂ ಸೀಟಿಗೆ ಬೆಲ್ಟು ಹುಡುಕಿ ತಂದು ಬಿಗಿದಿದ್ದೆ, ಒಂದೊಂದು ಬೋಲ್ಟಿಗೂ ಎಷ್ಟು ಬಿಗಿ ಎಂದು ಪುಸ್ತಕದಲ್ಲಿ ಬರೆದಿದ್ದೆ. ಅವಳು ಹಾಕಿಕೊಂಡಳೋ ಇಲ್ಲವೋ ಅದರಲ್ಲಿ ಇರಲಿಲ್ಲ.

ಒಂಬತ್ತನೆಯ ತಿರುವಿನ ಆಚೆ ಒಂದು ಲಾರಿ ನಿಂತಿತ್ತು. ಅದರ ಡ್ರೈವರ್ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ಏನನ್ನೋ ನೋಡುತ್ತಿದ್ದ. ಅವನು ಏನು ನೋಡುತ್ತಿದ್ದಾನೆಂದು ಕಾಣಿಸಲಿಲ್ಲ, ಲಾರಿ ಅಡ್ಡವಾಗಿತ್ತು. ಸ್ಕೂಟರು ನಿಲ್ಲಿಸಿದೆ. ಇಳಿಯಲು ಆಗಲಿಲ್ಲ. ಅಜ್ಜ ಇಳಿದು ಮುಂದೆ ನಡೆದ. ಲಾರಿಯ ಮೂಗು ದಾಟಿ, ನಿಂತು, ತಿರುಗಿ ನನ್ನನ್ನು ನೋಡಿದ. ಬೆರಳೆತ್ತಿ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳಿಗೆ ಬರಲು ತುಸು ಹೊತ್ತಾಯಿತು. ಐದು.

ಆಮೇಲೆ ತಿಳಿಯಿತು, ಆ ತುಸು ಹೊತ್ತು ಚಿಕ್ಕವಳು ಅತ್ತಿಗೆಯ ಸೆರಗಿನ ಹಿಂದಿದ್ದಳು.

ಎಮ್ಮೆ ಎಡಗಡೆಯ ಚರಂಡಿಗೆ ಮೂತಿ ತೂರಿಸಿ ಬಂಡೆಗೆ ಒರಗಿಕೊಂಡಿತ್ತು. ಅಣ್ಣ ಆರು ತಿಂಗಳು ಉಜ್ಜಿ ನುಣುಪು ಮಾಡಿದ್ದ ಎಡಬದಿಯ ಎರಡೂ ಬಾಗಿಲುಗಳು ಉದ್ದಕ್ಕೂ ತರಚಿ ತಗಡು ಕಾಣುತ್ತಿತ್ತು. ಮುಂದಿನ ಚಕ್ರಗಳಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ಅಮ್ಮ ಮೈಲಿಗಲ್ಲಿನ ಮೇಲೆ ಕೂತು ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ದೊಡ್ಡವಳು ಅಳುತ್ತಿದ್ದಳು. ಅತ್ತಿಗೆ ಅವಳ ತಲೆ ಸವರುತ್ತಿದ್ದಳು, ಸವರುವ ಕೈ ನಿಲ್ಲುತ್ತಲೇ ಇರಲಿಲ್ಲ.

ಅಣ್ಣ ಬಿಳಿಚಿಕೊಂಡಿದ್ದ. ನನ್ನನ್ನು ಕಂಡವನೇ ಮಾತಾಡತೊಡಗಿದ, ನಿಲ್ಲಿಸದೆ.

"ಪೆಡಲ್ ನೆಲಕ್ಕೆ ಹೋಯ್ತು ಕಣೇ. ಏನೂ ಇಲ್ಲ, ಗಾಳಿ ಒತ್ತಿದ ಹಾಗೆ. ಅಮ್ಮ ಗುಡ್ಡದ ಮೇಲಿನಿಂದಾನೇ ಎರಡನೇ ಗೇರಿಗೆ ಹಾಕು, ಎರಡನೇ ಗೇರಿಗೆ ಹಾಕು ಅಂತ ತಲೆ ತಿಂತಿದ್ಲು, ಅವಳ ಕಾಟಕ್ಕೆ ಹಾಕಿದ್ದೆ. ಮೂರರಲ್ಲಿ ಇದ್ದಿದ್ರೆ..." ಬಲಗಡೆಯ ಗೋಡೆಯತ್ತ ನೋಡಿದ. "ಹ್ಯಾಂಡ್‌ಬ್ರೇಕ್ ಎಳೆದೆ. ಎರಡೂ ಕೈಯಲ್ಲಿ ಎಳೆದೆ. ಸ್ಟೇರಿಂಗ್ ನಿನ್ನತ್ತಿಗೆ ಹಿಡ್ಕೊಂಡ್ಲು, ಬಂಡೆ ಕಡೆ ತಿರುಗಿಸಿದ್ಲು."

"ನಿಮ್ಮಪ್ಪನ ಜೊತೆ ಈ ದಾರೀಲಿ ಎಷ್ಟು ಸಲ ಇಳಿದಿದ್ದೀನಿ," ಅಂದಳು ಅಮ್ಮ. "ಗೇರಲ್ಲಿ ಇಳೀಬೇಕು ಅಂತ ಅವರೇ ಹೇಳ್ತಿದ್ರು. ಇವನಿಗೆ ಹೇಳಿದ್ರೆ, ಅಮ್ಮಾ ಈಗ ಹೊಸ ಬ್ರೇಕು, ನೀನು ಸುಮ್ನಿರು ಅಂತಾನೆ."

ಹ್ಯಾಂಡ್‌ಬ್ರೇಕು ಬರೀ ಕೇಬಲ್ಲಿನದು. ಅದರಲ್ಲಿ ಎಣ್ಣೆಯಿಲ್ಲ, ರಬ್ಬರಿಲ್ಲ. ಮಿನಿ ಬಸ್ಸಿನ ಕೇಬಲ್ಲು, ನನ್ನ ದಾರದ ಉದ್ದ. ಅದನ್ನು ನೆನೆದು ಒಂದು ಕ್ಷಣ ಸಮಾಧಾನ ಬಂತು. ಆ ಸಮಾಧಾನಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಅಣ್ಣ ಬೋಲ್ಟಜ್ಜನ ಕಡೆ ತಿರುಗಿದ್ದ.

"ಏನು ಸಾಮಾನು ಕೊಟ್ಟೆ ಅಜ್ಜ ನೀನು? ಜಾಡೀಲಿ ಕೊಳೀತಾ ಬಿದ್ದಿದ್ದ ರಬ್ಬರು! ಮಕ್ಕಳಿದ್ರು ಒಳಗೆ, ಗೊತ್ತಾ ನಿನಗೆ? ಮಕ್ಕಳಿದ್ರು! ನಾಳೆ ಇನ್ಯಾರಿಗೆ ಕೊಡ್ತೀಯ ಅದನ್ನ? ಈ ದಾರೀಲಿ ಹೋಗೋ ಒಬ್ಬೊಬ್ಬ ಡ್ರೈವರಿಗೂ ಹೇಳ್ತೀನಿ ನಾನು."

ಲಾರಿ ಡ್ರೈವರ್ ಅಜ್ಜನನ್ನು ನೋಡಿದ. ಈ ರಸ್ತೆಯ ಡ್ರೈವರುಗಳೆಲ್ಲ ಅಜ್ಜನ ಅಂಗಳದಲ್ಲಿ ನಿಲ್ಲಿಸಿ, ಬ್ರೇಕು ತೋರಿಸಿಯೇ ಇಳಿಯುವುದು.

ಅಜ್ಜ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿಗೆ ಎಂಜಲು ಹಚ್ಚಿ ಡ್ರಮ್ಮಿಗೆ ಸೋಕಿಸಿದ. ಚುಯ್ ಅಂದಿತು. ಅವನು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

ಇಷ್ಟು ಹೊತ್ತಿನ ಹೆದರಿಕೆ ಹೋಗಿ ಬೇರೆ ಹೆದರಿಕೆ ಬಂದಿತ್ತು, ಮತ್ತು ಅದು ಮೊದಲಿನದಕ್ಕಿಂತ ಸಣ್ಣದೇನೂ ಆಗಿರಲಿಲ್ಲ. ಅಣ್ಣ ನನ್ನನ್ನು ಮನೆಯ ವಿಜ್ಞಾನಿ ಎಂದು ಛೇಡಿಸುತ್ತಾನೆ, ಆದರೆ ನಾನು ಮಾಡಿದ ಕೆಲಸವನ್ನು ಎರಡನೆಯ ಸಲ ನೋಡುವುದಿಲ್ಲ. ಅತ್ತಿಗೆ ಮಕ್ಕಳನ್ನು ನನ್ನ ಕೈಗೆ ಕೊಡುವಾಗ ಹಿಂದೆ ತಿರುಗಿ ನೋಡುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದೆಲ್ಲ ಹಾಗೆಯೇ ಇರುತ್ತಿತ್ತು. ಹಳೆಯ ರಬ್ಬರು ಎಂದರೆ ಯಾರಾದರೂ ನಂಬುತ್ತಿದ್ದರು.

"ಅಣ್ಣ," ಅಂದೆ. ಅವನು ತಿರುಗಲಿಲ್ಲ. ಮತ್ತೆ ಅಂದೆ. "ಅಣ್ಣ, ಅಜ್ಜನದೇನೂ ತಪ್ಪಿಲ್ಲ. ಅವರು ಹರಳೆಣ್ಣೇಲಿ ಇಡು ಅಂದಿದ್ರು. ನಾನು ಲ್ಯಾಬಿನ ಎಣ್ಣೇಲಿ ಇಟ್ಟೆ. ಪೈಪಿಗೂ ಅದನ್ನೇ ಹಾಕ್ದೆ. ರಬ್ಬರು ಊದಿದೆ. ಅಜ್ಜ ಕೇಳಿದಾಗ ಸುಳ್ಳು ಹೇಳ್ದೆ."

ಅಣ್ಣನ ಬಾಯಿ ಅರ್ಧ ತೆರೆದೇ ಇತ್ತು. ಅತ್ತಿಗೆಯ ಕೈ ಮಗಳ ತಲೆಯ ಮೇಲೆ ನಿಂತಿತು, ಆಮೇಲೆ ಅವಳನ್ನು ತುಸು ತನ್ನ ಕಡೆಗೆ ಎಳೆದುಕೊಂಡಿತು. ಅದು ನನಗೆ ಕಾಣಿಸಿತು.

"ಅತ್ತೆ, ನೀನು ಯಾಕೆ ನಡುಗ್ತಿದ್ದೀಯ?" ಅಂದಳು ಚಿಕ್ಕವಳು. "ಟ್ರಕ್ಕಲ್ಲಿ ಇದ್ದಿದ್ದು ನಾವು."

"ಬೆಲ್ಟ್ ಹಾಕ್ಕೊಂಡಿದ್ದೆಯಾ?"

"ಹೂಂ. ಬಿಚ್ಚೋಕೇ ಬರಲಿಲ್ಲ, ಅಜ್ಜಿ ಬಿಚ್ಚಿದ್ರು."

ಬೋಲ್ಟಜ್ಜ ಸೊಂಟದಿಂದ ಸ್ಪ್ಯಾನರ್ ತೆಗೆದು, ಚಕ್ರದ ಹಿಂದೆ ಕೈ ಹಾಕಿ, ಗಾಳಿ ತೆಗೆಯುವ ಸಣ್ಣ ಸ್ಕ್ರೂವನ್ನು ಸಡಿಲಿಸಿದ. ಕಪ್ಪಗಿನ ದ್ರವ ನೊರೆಯೊಡನೆ ಉಗಿದು ರಸ್ತೆಯ ಮೇಲೆ ಬಿತ್ತು. ಹಿಡಿದುಕೊಂಡಿದ್ದ ಬ್ರೇಕು ಟಕ್ ಎಂದು ಬಿಟ್ಟಿತು. ಅವನು ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಎದ್ದ.

"ಲಾರಿಗೆ ಹಗ್ಗ ಕಟ್ಟಿ ನನ್ನ ಅಂಗಳಕ್ಕೆ ಎಳೆಸೋಣ. ಎಲ್ಲಾ ಬಿಚ್ಚಬೇಕು. ಪೈಪು, ಸಿಲಿಂಡರು, ಎಲ್ಲಾ ತೊಳೀಬೇಕು. ಒಂದೂ ರಬ್ಬರು ಉಳಿಸೋ ಹಾಗಿಲ್ಲ. ನನ್ನ ಹತ್ರ ಇದ್ದ ಕಿಟ್ಟು ಅದೊಂದೇ."

"ನಾನು ಹುಡುಕ್ತೀನಿ ಅಜ್ಜ," ಅಂದೆ.

"ಹುಡುಕು." ನಾನು ಒಪ್ಪಿಕೊಂಡ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. "ಹುಡುಕೋದರಲ್ಲಿ ನೀನು ಗಟ್ಟಿಗಿತ್ತಿ. ಸಿಕ್ಕಿದ್ರೆ ನೇರ ನನ್ನ ಹತ್ರ ತಗೊಂಡು ಬಾ. ಈ ಸಲ ಜಾಡಿ ನನ್ನ ಹತ್ರಾನೇ ಇರುತ್ತೆ."

ಅಣ್ಣ ಹಗ್ಗ ತರಲು ಹೋದ. ನನ್ನ ಪಕ್ಕದಲ್ಲೇ, ನನ್ನನ್ನು ನೋಡದೆ ಹಾದುಹೋದ. ಜೇಬಿನಲ್ಲಿ ಕೈಯಾಡಿಸಿದೆ. ಕಪ್ಪು ಇರಲಿಲ್ಲ, ಅದಿನ್ನೂ ಅಜ್ಜನ ಹತ್ತಿರವೇ ಇತ್ತು. ವಾಪಸು ಕೇಳಲಿಲ್ಲ.